ಹಳ್ಳಕ್ಕೆ ಬಿದ್ದ ಮರ

1950ರ ದಶಕದಿಂದ 1970ರ ದಶಕದವರೆಗೆ ಅಮೆರಿಕದ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ಒಂದು ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿಸಿದವು. ಕಾಡಿನ ಹಳ್ಳಗಳಿಗೆ ಆಳುಗಳನ್ನು ಇಳಿಸಿ ಅಡ್ಡ ಬಿದ್ದ ಮರ, ಕೊಳೆತ ದಿಮ್ಮಿ, ಬೇರುಸಮೇತ ಕಿತ್ತು ಬಂದ ಬುಡ, ಕೊಂಬೆರೆಂಬೆಗಳ ರಾಶಿ ಎಲ್ಲವನ್ನೂ ಎಳೆದು ಹಾಕಿಸಿದವು. ಮೊಟ್ಟೆಯಿಡಲು ಸಮುದ್ರದಿಂದ ಹತ್ತಿ ಬರುವ ಸಾಲ್ಮನ್ ಮೀನಿಗೆ ಇದೆಲ್ಲ ಅಡ್ಡಿ ಎಂದೇ ಆಗಿನವರು ನಂಬಿದ್ದರು. ಮರ ಕಡಿಯುವವರಿಗೂ ಅದೇ ಕಟ್ಟಪ್ಪಣೆ: ಕೂಪು ಮುಗಿಸಿ ಹೋಗುವಾಗ ಹಳ್ಳದಲ್ಲಿ ಕಸ ಉಳಿಸಬಾರದು.

ಈಗ ಅದೇ ರಾಜ್ಯಗಳಲ್ಲಿ ಅದೇ ಸರ್ಕಾರದ ದುಡ್ಡಿನಲ್ಲಿ ದಿಮ್ಮಿಗಳು ವಾಪಸ್ ಹಳ್ಳಕ್ಕೆ ಬರುತ್ತಿವೆ. ರಸ್ತೆಯಿರುವ ಕಡೆ ಲಾರಿಯಲ್ಲಿ, ಇಲ್ಲದ ಕಡೆ ಹೆಲಿಕಾಪ್ಟರಿಗೆ ಕಟ್ಟಿಕೊಂಡು.

ನಾನಿರುವುದು ಸಿಯಾಟಲ್‌ನ ಪೂರ್ವಕ್ಕೆ, ಇಸಾಕ್ವಾ ಊರಿನ ಹತ್ತಿರ. ಈ ಕಡೆ ಕನ್ನಡದವರಿಗೇನೂ ಬರವಿಲ್ಲ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗಲೂ ಹಿಂದಿನಿಂದ ಕನ್ನಡ ಕೇಳುತ್ತದೆ. ಚಳಿಗಾಲದ ಶನಿವಾರಗಳಲ್ಲಿ ಹಳ್ಳದ ದಂಡೆಗೆ ಗಿಡ ನೆಡಲು ಹೋಗುತ್ತೇನೆ ಎಂದರೆ ಗೆಳತಿಯರು 'ಒಳ್ಳೇ ಕೆಲಸ ಕಣೇ' ಎಂದು ಮಾತು ಬದಲಿಸುತ್ತಾರೆ. ಹಳ್ಳದ ತುಂಬ ಕಸ ಇರಬೇಕು, ಇಲ್ಲದಿದ್ದರೆ ನಾವೇ ತಂದು ಹಾಕಬೇಕು ಎಂದರೆ ಮಾತ್ರ ನಿಂತು ಕೇಳುತ್ತಾರೆ.

ಅಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಮಳೆಗಾಲ ಹಿಡಿಯುವ ಮುಂಚೆ ತೋಟದ ಬಸಿಗಾಲುವೆ ಬಿಡಿಸದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಇಲ್ಲಿಗೆ ಬಂದಿದ್ದಾಗ ಕರೆದುಕೊಂಡು ಹೋಗಿ ಹಳ್ಳ ತೋರಿಸಿದೆ. ಕಾಲುಸೇತುವೆಯ ಮೇಲಿಂದ ಬಗ್ಗಿ ನೋಡಿ, "ಅಲ್ಲ ಮಗಾ, ಇಷ್ಟು ದುಡ್ಡಿರೋ ದೇಶ. ಹಳ್ಳ ಬಿಡಿಸಕ್ಕೆ ಆಳು ಸಿಗಲ್ವ ಇಲ್ಲಿ?" ಎಂದರು.

"ಅದು ಬಿದ್ದಿದ್ದಲ್ಲ ಅಪ್ಪ. ತಂದು ಹಾಕಿದ್ದು."

"ಯಾರು?"

"ಸರ್ಕಾರದವರೇ."

ಅಪ್ಪ ಹಳ್ಳ ಬಿಟ್ಟು ನನ್ನ ಮುಖ ನೋಡಿದರು.

ಅವರಿಗೆ ತೋರಿಸಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಡ್ಡ ಬಿದ್ದ ಮರದ ಮೇಲಿಂದ ನೀರು ಜಾರಿ ಧುಮುಕುವಲ್ಲಿ ತಳ ಕೊರೆದು ಗುಂಡಿ ಬೀಳುತ್ತದೆ. ಗುಂಡಿಯ ನೀರು ಆಳ, ಬೇಸಿಗೆಯಲ್ಲೂ ತಣ್ಣಗೆ. ಅಲ್ಲಿಂದ ಎದ್ದ ಕಲ್ಲುಮರಳು ಸ್ವಲ್ಪ ಕೆಳಗೆ ಸೆಳೆತ ಕಡಿಮೆಯಾದಲ್ಲಿ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕೂರುತ್ತದೆ. ಅಂಗೈಯಲ್ಲಿ ಹಿಡಿಸುವಂಥ ಹರಳುಕಲ್ಲುಗಳು ಹರಡಿಕೊಂಡ ಜಾಗವನ್ನು ಹುಡುಕಿಕೊಂಡೇ ಹೆಣ್ಣು ಸಾಲ್ಮನ್ ಬರುವುದು. ಅದು ಮಗ್ಗುಲಿಗೆ ಹೊರಳಿ ಬಾಲದಿಂದ ತಳವನ್ನು ಬಡಿಯುತ್ತದೆ. ಕಲ್ಲು ಏಳುತ್ತದೆ, ಹೂಳು ಹೊಗೆ ಎದ್ದಂತೆ ಎದ್ದು ನೀರಿನೊಂದಿಗೆ ಹೋಗಿಬಿಡುತ್ತದೆ, ಕುಳಿಯಾಗುತ್ತದೆ. ಅದರಲ್ಲಿ ಮೊಟ್ಟೆಯಿಟ್ಟ ಮೇಲೆ ಒಂದಿಷ್ಟು ಮುಂದೆ ಸರಿದು ಮತ್ತೆ ಅಗೆಯುತ್ತದೆ. ಅಲ್ಲಿ ಎದ್ದ ಕಲ್ಲು ಹಿಂದಿನ ಕುಳಿಯನ್ನು ಮುಚ್ಚುತ್ತದೆ. ಇಷ್ಟಾಗುವಾಗ ಬಾಲದ ಚರ್ಮ ಸವೆದು ಬೆಳ್ಳಗಾಗಿರುತ್ತದೆ. ಮೊಟ್ಟೆಗಳು ಚಳಿಗಾಲವಿಡೀ ಕಲ್ಲಿನ ಸಂದಿಯಲ್ಲಿರಬೇಕು, ಆ ಸಂದಿಗಳಲ್ಲಿ ನೀರು ಆಡುತ್ತಲೇ ಇರಬೇಕು. ಮೇಲಿನ ಗುಡ್ಡ ಬೋಳಾಗಿ ನುಣ್ಣನೆ ಮಣ್ಣು ಇಳಿದು ಬಂದರೆ ಸಂದಿ ಕಟ್ಟಿ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ.

ಮರಿಗಳಿಗೂ ಕಸವೇ ಬೇಕು. ಸಾಲ್ಮನ್‌ಗಳಲ್ಲೇ ಚಮ್ ಎಂಬ ಜಾತಿಯ ಮರಿ ಹುಟ್ಟಿದ ಸ್ವಲ್ಪ ದಿನಕ್ಕೇ ಸಮುದ್ರದ ದಾರಿ ಹಿಡಿಯುತ್ತದೆ. ಕೋಹೊ ಎಂಬ ಜಾತಿ ಹಾಗಲ್ಲ, ಒಂದು ವರ್ಷ, ಕೆಲವೆಡೆ ಇನ್ನೂ ಹೆಚ್ಚು ಕಾಲ ಹಳ್ಳದಲ್ಲೇ ಇರುತ್ತದೆ. ಬೆರಳುದ್ದದ ಆ ಮರಿ ಚಳಿಗಾಲದ ನೆರೆಯನ್ನು ದಿಮ್ಮಿಯ ಹಿಂದೆ, ಬೇರಿನ ಮರೆಯಲ್ಲಿ ಕೂತು ಕಳೆಯಬೇಕು. ಬಿಡಿಸಿದ ಹಳ್ಳದಲ್ಲಿ ಕೂರುವುದೆಲ್ಲಿ? ಮೊದಲ ಪ್ರವಾಹಕ್ಕೇ ಕೊಚ್ಚಿಕೊಂಡು ಹೋಗುತ್ತದೆ.

ಹಳ್ಳ ಬಿಡಿಸುವ ಕಾರ್ಯಕ್ರಮಕ್ಕಿಂತ ಮುಂಚೆಯೇ ಹಾಳಾದ ಹಳ್ಳಗಳೂ ಇವೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತನೇ ಶತಮಾನದ ನಡುವಿನವರೆಗೆ ನಾಟಾ ಸಾಗಿಸಲು ಇಲ್ಲಿ ಹಳ್ಳಗಳೇ ರಸ್ತೆ. ಮರದ ತಾತ್ಕಾಲಿಕ ಒಡ್ಡು ಕಟ್ಟಿ ನೀರು ನಿಲ್ಲಿಸುವುದು, ಕಡಿದ ದಿಮ್ಮಿಗಳನ್ನೆಲ್ಲ ಅದರೊಳಗೂ ಕೆಳಗಿನ ಪಾತ್ರದಲ್ಲೂ ಪೇರಿಸುವುದು, ಆಮೇಲೆ ಒಡ್ಡನ್ನು ಒಮ್ಮೆಲೇ ಬಿಡುವುದು. ನೂರಾರು ದಿಮ್ಮಿಗಳು ನೀರಿನ ಗೋಡೆಯೊಂದಿಗೆ ಉರುಳಿ ಗಿರಣಿ ತಲುಪುತ್ತಿದ್ದವು. ದಾರಿಯಲ್ಲಿ ಹರಳುಕಲ್ಲು, ಮೊಟ್ಟೆ, ದಂಡೆಯ ಪೊದೆ ಏನೂ ಉಳಿಯುತ್ತಿರಲಿಲ್ಲ. ಆರೆಗಾನ್ ಕರಾವಳಿಯ ಗುಡ್ಡಗಳಲ್ಲಿ ಇಂದಿಗೂ ಬರೀ ಹಾಸುಬಂಡೆಯ ಮೇಲೆ ಹರಿಯುವ ಹಳ್ಳಗಳಿವೆ. ನೋಡಲು ಅವು ಬಲು ಚೆಂದ, ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಮೀನಿಗೆ ಅದು ಬರಿಯ ನೆಲ.

ಬಿದ್ದ ಮರ ಕಸವಲ್ಲ ಎಂಬ ತಿಳಿವಳಿಕೆ ಮೂಡಿದ್ದು ಬಹುಮಟ್ಟಿಗೆ ಆರೆಗಾನ್‌ನ ಎಚ್.ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯದಲ್ಲಿ. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಹಳೆಯ ಕಾಡಿನ ಹಳ್ಳಗಳಲ್ಲಿ ಕೂತು ದಿಮ್ಮಿಗಳ ಲೆಕ್ಕ ಹಿಡಿದರು. 1985ರಲ್ಲಿ ಅದೇ ಕಾಡಿನಲ್ಲಿ ಮಾರ್ಕ್ ಹಾರ್ಮನ್ ಎಂಬ ವಿಜ್ಞಾನಿ ಐನೂರಕ್ಕೂ ಹೆಚ್ಚು ದಿಮ್ಮಿಗಳನ್ನು ನೆಲದ ಮೇಲೆ ಮಲಗಿಸಿ, ಅವು ಹೇಗೆ ಕೊಳೆಯುತ್ತವೆ ಎಂದು ನೋಡುವ ಪ್ರಯೋಗ ಶುರುಮಾಡಿದರು. ಪ್ರಯೋಗದ ಅವಧಿ 200 ವರ್ಷ. ಶುರುಮಾಡಿದವರು ಫಲಿತಾಂಶ ನೋಡುವ ಮಾತೇ ಇಲ್ಲ. ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸುವ ಕಚೇರಿಯಲ್ಲಿ ದುಡಿಯುವ ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆಕಿಚ್ಚು.

ಈ 200 ವರ್ಷದ ಲೆಕ್ಕ ಇಲ್ಲಿನ ರಾಜಕೀಯಕ್ಕೂ ಬಂದಿದೆ. ಹಳ್ಳದ ಪಕ್ಕ ಎಷ್ಟಗಲ ಕಾಡು ಬಿಡಬೇಕು ಎಂಬ ಪ್ರಶ್ನೆಗೆ ತಜ್ಞರು ಕೊಡುವ ಉತ್ತರ: ಆ ಮಣ್ಣಿನಲ್ಲಿ ಒಂದು ಮರ 200 ವರ್ಷಕ್ಕೆ ಎಷ್ಟೆತ್ತರ ಬೆಳೆಯಬಲ್ಲದೋ ಅಷ್ಟಗಲ. ಯಾಕೆಂದರೆ ಮರ ಬೀಳುವಾಗ ಅದರ ತುದಿಯಾದರೂ ನೀರು ಮುಟ್ಟಬೇಕು. ಈ ಅಳತೆಯನ್ನು ಜಮೀನುಗಳಿಗೂ ತರಬೇಕೆಂದು 2022ರಲ್ಲಿ ವಾಷಿಂಗ್ಟನ್ ಶಾಸನಸಭೆಯಲ್ಲಿ ಒಂದು ಮಸೂದೆ ಬಂತು. ರೈತರು ಎದ್ದು ನಿಂತರು, ಮಸೂದೆ ಬಿದ್ದುಹೋಯಿತು. ಹಳ್ಳದ ಬದಿಯ ಜಮೀನೇ ಎಲ್ಲಕ್ಕಿಂತ ಒಳ್ಳೆಯ ಮಣ್ಣು. ಅದನ್ನು ಬಿಟ್ಟುಕೊಡು ಎಂದರೆ ಅಪ್ಪನೂ ಎದ್ದು ನಿಲ್ಲುತ್ತಿದ್ದರು. ಆ ರೈತರನ್ನು ಖಳನಾಯಕರು ಎನ್ನಲು ನನಗೆ ಬಾಯಿ ಬರುವುದಿಲ್ಲ. ದುಡ್ಡು ಕೊಟ್ಟು ಕೇಳಬೇಕು, ಸರಿಯಾದ ದುಡ್ಡು.

ಇಲ್ಲಿಯವರೆಗೆ ಹೇಳಿದ್ದು ಕಾಡು ಮೀನಿಗೆ ಏನು ಕೊಡುತ್ತದೆ ಎಂಬುದು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇದೆ. ಪೆಸಿಫಿಕ್ ಸಾಲ್ಮನ್‌ಗಳು ಸಮುದ್ರದಲ್ಲಿ ತಿಂದು ಕೊಬ್ಬಿ ಬಂದು, ಮೊಟ್ಟೆಯಿಟ್ಟು, ಹುಟ್ಟಿದ ಹಳ್ಳದಲ್ಲೇ ಸಾಯುತ್ತವೆ. ಕರಡಿ ಮೀನನ್ನು ಕಾಡಿನೊಳಕ್ಕೆ ಎತ್ತಿಕೊಂಡು ಹೋಗಿ ರುಚಿಯಾದ ಭಾಗ, ಅಂದರೆ ಮೊಟ್ಟೆ, ಮಿದುಳು ತಿಂದು ಉಳಿದದ್ದನ್ನು ಮರದ ಬುಡದಲ್ಲೇ ಬಿಟ್ಟು ಇನ್ನೊಂದಕ್ಕೆ ಹೊರಡುತ್ತದೆ. ಸಮುದ್ರದ ಸಾರಜನಕದಲ್ಲಿ ಭಾರದ ಐಸೊಟೋಪಿನ, ಅಂದರೆ ಅದೇ ಸಾರಜನಕದ ತುಸು ತೂಕ ಹೆಚ್ಚಿರುವ ರೂಪದ, ಪಾಲು ಹೆಚ್ಚು. ಮರದ ಎಲೆಯಲ್ಲಿ ಅದನ್ನು ಗುರುತಿಸಬಹುದು. ಅಲಾಸ್ಕಾದ ಹಳ್ಳಗಳ ಮೇಲೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಾಲ್ಮನ್ ಮೊಟ್ಟೆಯಿಡುವ ಜಾಗದ ಪಕ್ಕದ ಗಿಡಮರಗಳ ಎಲೆಗಳಲ್ಲಿ ಶೇಕಡ 22ರಿಂದ 24ರಷ್ಟು ಸಾರಜನಕ ಮೀನಿನಿಂದ ಬಂದದ್ದು. ಅಲ್ಲಿನ ಸಿಟ್ಕಾ ಸ್ಪ್ರೂಸ್ ಮರಗಳು ಬೇಗ ದಪ್ಪಗಾಗುತ್ತವೆ. ದಪ್ಪಗಾದ ಮರ ಒಂದು ದಿನ ಹಳ್ಳಕ್ಕೆ ಬೀಳುತ್ತದೆ. ಅಲ್ಲಿಂದ ಮುಂದಿನದನ್ನು ಆಗಲೇ ಹೇಳಿದೆ.

ವಾಷಿಂಗ್ಟನ್, ಆರೆಗಾನ್ ಒಳಗೊಂಡ ಈ ವಾಯವ್ಯ ಸೀಮೆಯ ನದಿಗಳಿಗೆ ಹಿಂದೆ ಸಮುದ್ರದಿಂದ ಬರುತ್ತಿದ್ದ ಈ ಗೊಬ್ಬರದಲ್ಲಿ ಈಗ ಬರುತ್ತಿರುವುದು ಶೇಕಡ 6–7 ಮಾತ್ರ ಎಂದು 2000ದ ಲೆಕ್ಕವೊಂದು ಹೇಳುತ್ತದೆ. ಆದ್ದರಿಂದಲೇ ಮೀನುಮರಿ ಕೇಂದ್ರಗಳಲ್ಲಿ ಮೊಟ್ಟೆ ತೆಗೆದ ಮೇಲೆ ಉಳಿಯುವ ಸತ್ತ ಮೀನುಗಳನ್ನು ಸ್ವಯಂಸೇವಕರು ಹೊತ್ತೊಯ್ದು ಹಳ್ಳಗಳಿಗೆ ಎಸೆಯುವ ಪದ್ಧತಿಯೂ ಇಲ್ಲಿದೆ. ಮರ ಹಾಕುವುದನ್ನು ಹೇಗೋ ಒಪ್ಪಿದ್ದ ಅಪ್ಪ, ಮೀನು ಮುಟ್ಟದ ಜಾತಿಯವರು, ಇದನ್ನು ಕೇಳಿ ಕೈ ಮುಗಿದರು. "ಸಾಕು ಮಾರಾಯ್ತಿ, ಊಟದ ಹೊತ್ತಾಯ್ತು."

ಮೀನುಮರಿ ಕೇಂದ್ರದ ಮಾತು ಬಂತು. ನಮ್ಮ ಇಸಾಕ್ವಾದಲ್ಲಿರುವುದು 1936ರಲ್ಲಿ ಆರ್ಥಿಕ ಕುಸಿತದ ಕಾಲದ ಉದ್ಯೋಗ ಯೋಜನೆಯಲ್ಲಿ ಕಟ್ಟಿದ್ದು. ಅಕ್ಟೋಬರಿನಲ್ಲಿ ಸಾಲ್ಮನ್ ಹಬ್ಬಕ್ಕೆ ಊರಿಗೆ ಊರೇ ಸೇರುತ್ತದೆ, ನಮ್ಮವರ ಮಕ್ಕಳೂ ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತಿರುತ್ತಾರೆ. ಮಕ್ಕಳಿಗೆ ಮೀನು ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ನೂರು ವರ್ಷ ಈ ನಾಡು ಮಾಡಿದ್ದು ಒಂದೇ ಒಳದಾರಿ: ಹಳ್ಳ ಕೆಡಿಸು, ಪಕ್ಕದಲ್ಲಿ ಒಂದು ತೊಟ್ಟಿ ಕಟ್ಟಿ ಮರಿ ಮಾಡಿಸು, ಲೆಕ್ಕ ಸರಿಹೋಯಿತು. ಎಲ್ವಾ ನದಿಯಲ್ಲಿ ಆದದ್ದೂ ಅದೇ.

ಎಲ್ವಾ ಹರಿಯುವುದು ಒಲಿಂಪಿಕ್ ಪರ್ಯಾಯದ್ವೀಪದಲ್ಲಿ. ನದಿಯ ಬಹುಪಾಲು ರಾಷ್ಟ್ರೀಯ ಉದ್ಯಾನದೊಳಗೇ ಇದೆ. ಮೇಲಿನ ಕಾಡಿಗೆ ಕೊಡಲಿ ತಾಕಿಲ್ಲ. ಆದರೆ ಸಮುದ್ರದಿಂದ ಸುಮಾರು 8 ಕಿಲೋಮೀಟರಿನಲ್ಲೇ 1913ಕ್ಕೆ ಒಂದು ಅಣೆಕಟ್ಟು ಎದ್ದಿತು, 1927ರಲ್ಲಿ ಅದಕ್ಕಿಂತ ಮೇಲೆ 64 ಮೀಟರ್ ಎತ್ತರದ ಇನ್ನೊಂದು. ಮೀನು ದಾಟಲು ದಾರಿ ಬಿಡಬೇಕೆಂದು ಆಗಲೇ ಕಾನೂನಿತ್ತು. ದಾರಿಯ ಬದಲು ಮರಿ ಕೇಂದ್ರ ಸಾಕು ಎಂದು ರಾಜ್ಯದ ಮೀನುಗಾರಿಕೆ ಅಧಿಕಾರಿಯೇ ಒಪ್ಪಂದ ಮಾಡಿಕೊಂಡರು. ಆ ಕೇಂದ್ರ 1922ರಲ್ಲಿ ಮುಚ್ಚಿತು. ಅಣೆಕಟ್ಟು ನಿಂತೇ ಇತ್ತು. ನದಿಯ ಬಾಯಲ್ಲಿ ಬದುಕಿದ್ದ ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರು ಮೀನೂ ಕಳೆದುಕೊಂಡರು, ತಮ್ಮ ಕುಲ ಹುಟ್ಟಿದ ಜಾಗವೆಂದು ಹಿರಿಯರು ಹೇಳುತ್ತಿದ್ದ ಬಂಡೆಯೂ ನೀರಿನಡಿ ಹೋಯಿತು.

ಅಣೆಕಟ್ಟು ತೆಗೆಯಲು ದಾರಿ ಮಾಡಿದ ಕಾಯಿದೆ 1992ರಲ್ಲಿ ಆಯಿತು. ಯಂತ್ರಗಳು ಬಂದದ್ದು 2011ರ ಸೆಪ್ಟೆಂಬರಿನಲ್ಲಿ. ಕೆಳಗಿನದು ಮರುವರ್ಷ, ಮೇಲಿನದು 2014ರ ಆಗಸ್ಟಿನಲ್ಲಿ ಪೂರ್ತಿ ಹೋಯಿತು. ಅಣೆಕಟ್ಟುಗಳ ಹಿಂದೆ ಕೂತಿದ್ದ ಹೂಳು ಎರಡು ಕೋಟಿ ಘನಮೀಟರಿನಷ್ಟು. ಅದರಲ್ಲಿ ಬಹಳಷ್ಟು ಸಮುದ್ರಕ್ಕೆ ಇಳಿದು, ಕಲ್ಲುಕಲ್ಲಾಗಿದ್ದ ದಡದಲ್ಲಿ ಮರಳು ಹಾಸಿತು. ಇಳಿಯದೆ ಉಳಿದದ್ದು ಸುಮಾರು 800 ಎಕರೆ ಬೂದುಬಣ್ಣದ ಬಯಲು, ನೆರಳಿಗೆ ಒಂದು ಕಡ್ಡಿಯಿಲ್ಲ. ಬುಡಕಟ್ಟಿನವರೂ ಉದ್ಯಾನದವರೂ ಸೇರಿ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟರು. ಗೊಬ್ಬರವಿಲ್ಲದ ಒರಟು ಮರಳಿನಲ್ಲಿ ಸಸಿಗಿಂತ ಚೆನ್ನಾಗಿ ಎದ್ದದ್ದು ಲುಪಿನ್, ಅವರೆಯ ಕುಟುಂಬದ ನೀಲಿ ಹೂವಿನ ಗಿಡ. ಬೇರಿನಲ್ಲೇ ಸಾರಜನಕ ಕಟ್ಟಿಕೊಳ್ಳುವ ಜಾತಿ. ಬಯಲಿನ ಮೇಲೆ ದೊಡ್ಡ ದಿಮ್ಮಿಗಳನ್ನೂ ಮಲಗಿಸಿದರು, ಗಾಳಿಗೆ ಸಸಿಗೊಂದು ಮರೆಯಾಗಲಿ ಎಂದು. ಇಲ್ಲೂ ಬಿದ್ದ ಮರವೇ ಆಸರೆ.

ಎಲ್ವಾದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಟೀಲ್‌ಹೆಡ್ ಮೀನಿನ ಕಥೆ. ಸಮುದ್ರಕ್ಕೆ ಹೋಗಿಬಂದರೆ ಸ್ಟೀಲ್‌ಹೆಡ್, ಹೊಳೆಯಲ್ಲೇ ಉಳಿದರೆ ರೇನ್‌ಬೋ ಟ್ರೌಟ್, ಜಾತಿ ಒಂದೇ. ಅಣೆಕಟ್ಟಿನ ಮೇಲ್ಭಾಗದ ನದಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಈ ಜಾತಿ ನೂರು ವರ್ಷ ಸಮುದ್ರ ಕಾಣದೆ ರೇನ್‌ಬೋ ಟ್ರೌಟ್ ಆಗಿ ಹೊಳೆಯಲ್ಲೇ ಬದುಕಿತ್ತು. ಗೋಡೆ ಹೋದದ್ದೇ ತಡ, ಅದರ ಸಂತತಿ ಸಮುದ್ರಕ್ಕೆ ಇಳಿದು ಬೇಸಿಗೆಯಲ್ಲಿ ನದಿಗೆ ಮರಳುವ ಸ್ಟೀಲ್‌ಹೆಡ್ ಆಗಿ ವಾಪಸ್ ಹತ್ತಿಬಂತು. ಇದಕ್ಕೆ ಯಾರೂ ತೊಟ್ಟಿ ಕಟ್ಟಿರಲಿಲ್ಲ. ಕ್ಲಾಲಮ್ ಜನ 2011ರಿಂದ ನದಿಯಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಿಕೊಂಡಿದ್ದರು. 2023ರ ಅಕ್ಟೋಬರಿನಲ್ಲಿ ಮೊದಲ ಬಾರಿ, ಮನೆಯ ಊಟಕ್ಕೂ ಆಚರಣೆಗೂ ಎಷ್ಟು ಬೇಕೋ ಅಷ್ಟೇ, ಕೋಹೊ ಹಿಡಿದರು. ಅಣೆಕಟ್ಟಿನ ಹಿಂದಿನ ಕೆರೆ ಬತ್ತಿದ ವರ್ಷವೇ, ಅವರ ಕುಲ ಹುಟ್ಟಿದ ಆ ಬಂಡೆಯೂ ಹೊರಗೆ ಬಂದಿತ್ತು.

ಇದೆಲ್ಲ ಪರಿಸರದ ಮೇಲಿನ ಪ್ರೀತಿಯಿಂದ ತಾನಾಗಿ ಆದದ್ದು ಎಂದುಕೊಳ್ಳಬೇಡಿ. ಕೋರ್ಟಿನಿಂದ ಆದದ್ದು ಬಹಳ. 1850ರ ದಶಕದ ಒಪ್ಪಂದಗಳಲ್ಲಿ ಇಲ್ಲಿನ ಬುಡಕಟ್ಟುಗಳು ಭೂಮಿ ಬಿಟ್ಟುಕೊಟ್ಟು ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಆ ಹಕ್ಕು ಚಲಾಯಿಸಿದ್ದಕ್ಕೇ ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಅವರನ್ನು 1945ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ, ಹಿಡಿದರು. ಮುಂದೆ 50ಕ್ಕೂ ಹೆಚ್ಚು ಸಲ ಹಿಡಿದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಬುಡಕಟ್ಟುಗಳದ್ದು ಎಂದು ತೀರ್ಪು ಕೊಟ್ಟರು. ಮೀನೇ ಇಲ್ಲದಿದ್ದರೆ ಅರ್ಧ ಕಟ್ಟಿಕೊಂಡು ಏನು ಮಾಡುವುದು? ಮುಂದಿನ ದಾವೆ ಬಂದದ್ದು ಮೋರಿಗಳ ಮೇಲೆ. ರಸ್ತೆಯಡಿಯ ಮೋರಿ ಹಳ್ಳಕ್ಕಿಂತ ಎತ್ತರದಲ್ಲಿ ಕೂತರೆ, ಅಥವಾ ಕಿರಿದಾಗಿ ನೀರು ರಭಸವಾದರೆ, ಮೀನಿಗೆ ಅದೇ ಅಣೆಕಟ್ಟು. ಮೇಲೆ ಎಷ್ಟು ಕಾಡು ಬೆಳೆಸಿದರೂ ದಂಡ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳು ನಾಲ್ಕು–ನಾಲ್ಕಾಗಿ ಒಡೆದಿದ್ದರಿಂದ ಬುಡಕಟ್ಟುಗಳ ಪರವಾಗಿದ್ದ ಕೆಳಗಿನ ತೀರ್ಪೇ ನಿಂತಿತು. 2030ರೊಳಗೆ ಮೋರಿಗಳನ್ನು ಸರಿಪಡಿಸಬೇಕು. ನಾವು ಟ್ರಾಫಿಕ್ಕಿನಲ್ಲಿ ಸಿಕ್ಕಿ ಬೈದುಕೊಳ್ಳುವ ಎಷ್ಟೋ ರಸ್ತೆ ಕಾಮಗಾರಿಗಳು ಇವೇ.

ಇನ್ನು ನಮ್ಮ ಶನಿವಾರದ ಕೆಲಸ. ಅದರಲ್ಲಿ ನೆಡುವುದು ಕಡಿಮೆ, ಕೀಳುವುದು ಜಾಸ್ತಿ. ಕೀಳಬೇಕಾದದ್ದರ ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ! ಕ್ಯಾಲಿಫೋರ್ನಿಯಾದ ಸಸ್ಯತಜ್ಞ ಲೂಥರ್ ಬರ್ಬ್ಯಾಂಕ್ 1885ರಲ್ಲಿ ಭಾರತದಿಂದ ತರಿಸಿದ ಬೀಜದಿಂದ ಬೆಳೆಸಿ ಹಿಮಾಲಯದ ಹೆಸರಿಟ್ಟು ಮಾರಿದ. ಗಿಡ ನಿಜಕ್ಕೂ ಆರ್ಮೇನಿಯ ಕಡೆಯದಂತೆ. ಜೊತೆಯವರು ತಮಾಷೆಗೆ ನನ್ನ ಕಡೆ ನೋಡುವಾಗ ನಾನು ಆರ್ಮೇನಿಯದ ಕಡೆ ಕೈ ತೋರಿಸುತ್ತೇನೆ. ಹೆಬ್ಬೆರಳಿನಷ್ಟು ದಪ್ಪದ ಬಳ್ಳಿ, ಹಿಂದಕ್ಕೆ ಬಾಗಿದ ಮುಳ್ಳು. ಚರ್ಮದ ಕೈಗವಸನ್ನೂ ದಾಟಿ ಚುಚ್ಚುತ್ತದೆ. ಮೇಲೆ ಕತ್ತರಿಸಿದರೆ ಪ್ರಯೋಜನವಿಲ್ಲ, ತುದಿ ನೆಲ ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ. ಗುದ್ದಲಿ ಹಾಕಿ ಬುಡದ ಗಡ್ಡೆಯನ್ನೇ ಎಬ್ಬಿಸಬೇಕು. ಅದು ಹೊರಗೆ ಬರುವಾಗ ಕೇಳುವ ಲಟಕ್ ಎಂಬ ಸದ್ದಿಗೆ ನಾನು ಸೋತಿದ್ದೇನೆ.

ತೆರವಾದಲ್ಲಿ ರೆಡ್ ಸೀಡರ್, ಸ್ಪ್ರೂಸ್, ಡಗ್ಲಸ್ ಫರ್ ಸಸಿ. ನೀರಿಗೆ ತೀರ ಹತ್ತಿರ ವಿಲೋ. ಅದಕ್ಕೆ ಸಸಿಯೂ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಹಾಲುವಾಣದ ಗೂಟ ಊರುವಂತೆ, ತುದಿ ಚೂಪು ಮಾಡಿದ ಕೋಲನ್ನು ಹಸಿ ಮಣ್ಣಿಗೆ ಹೊಡೆದರೆ ಚಿಗುರುತ್ತದೆ. ಅಪ್ಪನಿಗೆ ಇದೊಂದು ಅರ್ಥವಾಯಿತು. ಕೋಲು ಕೈಗೆ ತೆಗೆದುಕೊಂಡು, "ಯಾವ ಕಡೆ ಮೇಲೆ ಅಂತ ನೋಡ್ಕೊಂಡು ನೆಡಿ" ಎಂದು ಅಕ್ಕಪಕ್ಕದವರಿಗೆ ಕನ್ನಡದಲ್ಲೇ ಹೇಳಿಕೊಟ್ಟರು. ಮೊಗ್ಗಿನ ಮೂತಿ ಮೇಲಕ್ಕಿರಬೇಕು ಎಂಬುದು ಅವರಿಗೂ ಹೇಗೋ ತಲುಪಿತು.

ಇಷ್ಟೆಲ್ಲ ಮಾಡಿದ ಮೇಲೂ ಊರೊಳಗಿನ ಹಳ್ಳಗಳಲ್ಲಿ ಕೋಹೊಗಳು ಸಾಯುತ್ತಿದ್ದವು. ಜೋರು ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ ಬಾಯಿ ಬಿಡುತ್ತ ಗಿರಗಿರ ಸುತ್ತಿ ಸಾಯುತ್ತಿದ್ದವು. ದಂಡೆಯಲ್ಲಿ ಗಿಡವೂ ಇತ್ತು, ನೀರಿನಲ್ಲಿ ದಿಮ್ಮಿಯೂ ಇತ್ತು. ವಾಷಿಂಗ್ಟನ್‌ನ ಸಂಶೋಧಕರು ವರ್ಷಗಟ್ಟಲೆ ಹುಡುಕಿ 2020ರ ಡಿಸೆಂಬರಿನಲ್ಲಿ ಕಾರಣ ಹೇಳಿದರು: ಟೈರು. ರಬ್ಬರ್ ಬಿರಿಯದಿರಲೆಂದು ಟೈರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಜೋನ್ ತಾಗಿ ಇನ್ನೊಂದು ವಸ್ತುವಾಗುತ್ತದೆ. ಟೈರು ಸವೆದ ಪುಡಿಯೊಂದಿಗೆ ಅದು ಮಳೆನೀರಿನಲ್ಲಿ ಹಳ್ಳ ಸೇರುತ್ತದೆ. ಚಮ್ ಮೀನಿಗೆ ಏನೂ ಆಗುವುದಿಲ್ಲ, ಕೋಹೊಗೆ ಚೂರು ಸಾಕು. ಹೊಗೆ ಉಗುಳದ ಎಲೆಕ್ಟ್ರಿಕ್ ಕಾರಿಗೂ ಟೈರು ಬೇಕಲ್ಲ. ನಾವೆಲ್ಲ ಗಿಡ ನೆಡಲು ಬರುವುದೂ ಕಾರಿನಲ್ಲೇ.

ಇದಕ್ಕೂ ಉಪಾಯ ಮಣ್ಣಿನಲ್ಲೇ ಸಿಕ್ಕಿದೆ. ರಸ್ತೆಯ ನೀರನ್ನು ಮರಳು, ಕಾಂಪೋಸ್ಟು ಬೆರೆಸಿದ ಮಣ್ಣಿನಲ್ಲಿ ಇಳಿಸಿ ಆಮೇಲೆ ಹಳ್ಳಕ್ಕೆ ಬಿಟ್ಟರೆ ಮೀನು ಬದುಕುತ್ತದೆ. ಟೈರಿನಿಂದ ಆ ರಾಸಾಯನಿಕವನ್ನೇ ತೆಗೆಸಬೇಕು ಎಂಬ ಮೂರು ಬುಡಕಟ್ಟುಗಳ ಅರ್ಜಿಯನ್ನು ಅಮೆರಿಕದ ಪರಿಸರ ಸಂಸ್ಥೆ 2023ರಲ್ಲಿ ಸ್ವೀಕರಿಸಿತು. ಬದಲಿ ವಸ್ತು ಬರುವವರೆಗೆ ರಸ್ತೆ ಬದಿಯಲ್ಲಿ ಮಣ್ಣಿನ ಗುಂಡಿ ತೋಡುವುದೇ ಗತಿ. ಅದಕ್ಕೂ ಶನಿವಾರ ಜನ ಬೇಕು.

ಈ ಕಡೆ ಇರುವವರು ನೋಡಬೇಕೆಂದಿದ್ದರೆ: ಇಸಾಕ್ವಾದಲ್ಲಿ ಸೆಪ್ಟೆಂಬರ್–ಅಕ್ಟೋಬರ್, ಸಿಯಾಟಲ್‌ನ ಕಾರ್ಕೀಕ್ ಪಾರ್ಕಿನ ಪೈಪರ್ಸ್ ಹಳ್ಳದಲ್ಲಿ ನವೆಂಬರ್. ಪೈಪರ್ಸ್‌ನಲ್ಲಿ ಸಾಲ್ಮನ್ ಪೂರ್ತಿ ಇಲ್ಲವಾಗಿತ್ತು. 1980ರ ದಶಕದಲ್ಲಿ ಸುತ್ತಲಿನ ಜನರೇ ಸೇರಿ ಚಮ್ ಮೀನನ್ನು ಮತ್ತೆ ತಂದರು. ಮಕ್ಕಳನ್ನು ನೀರಿಗೆ ಇಳಿಯಲು ಬಿಡಬೇಡಿ, ಕಾಲಡಿಯ ಕಲ್ಲಿನ ಕೆಳಗೆ ಮೊಟ್ಟೆಗಳಿರುತ್ತವೆ. ನಾಯಿ ಕರೆದುಕೊಂಡು ಹೋಗುವವರು ಹಗ್ಗ ಬಿಗಿಯಾಗಿ ಹಿಡಿಯಿರಿ: ಹಸಿ ಸಾಲ್ಮನ್ ತಿಂದ ನಾಯಿಗೆ ಬರುವ ಒಂದು ಕಾಯಿಲೆಗೆ ಚಿಕಿತ್ಸೆ ತಡವಾದರೆ ಜೀವ ಉಳಿಯುವುದು ಕಷ್ಟ. ಸತ್ತ ಮೀನು ದಂಡೆಯಲ್ಲಿ ಬಿದ್ದಿದ್ದರೆ, ವಾಸನೆ ಎಷ್ಟೇ ಇರಲಿ, ಅಲ್ಲೇ ಬಿಡಿ.